46113ರಿಂದ 46102ಕ್ಕೆ: ಒಂದು ಕೌಂಟಿಯ ಹೆಸರಿನ ಹಿಂದೆ

ಅಮೆರಿಕ ಸರ್ಕಾರ ತನ್ನ ಪ್ರತಿಯೊಂದು ಕೌಂಟಿಗೂ ಐದಂಕಿಯ ಒಂದು ಸಂಖ್ಯೆ ಕೊಟ್ಟಿದೆ. ಮೊದಲೆರಡು ಅಂಕಿ ರಾಜ್ಯದ್ದು, ಉಳಿದ ಮೂರು ಕೌಂಟಿಯದು. ಕೌಂಟಿಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಸಾಲಾಗಿ ನಿಲ್ಲಿಸಿ 1, 3, 5 ಎಂದು ಬೆಸ ಸಂಖ್ಯೆಗಳನ್ನಷ್ಟೇ ಹಂಚಿದ್ದಾರೆ. ಮುಂದೆಂದಾದರೂ ಹೊಸ ಹೆಸರೊಂದು ನಡುವೆ ಬಂದರೆ ಕೂರಲು ಜಾಗ ಇರುತ್ತದೆ. ಸೌತ್ ಡಕೋಟಾ ರಾಜ್ಯದ ಸಂಖ್ಯೆ 46. ಆ ಪಟ್ಟಿಯಲ್ಲಿ ಬೆರಳಿಟ್ಟು ಕೆಳಗಿಳಿಯಿರಿ: ಮೂಡಿ ಕೌಂಟಿ 101, ಪೆನ್ನಿಂಗ್ಟನ್ ಕೌಂಟಿ 103. ಇವೆರಡರ ನಡುವೆ, ಬೆಸ ಸಂಖ್ಯೆಗಳ ಸಾಲಿನಲ್ಲಿ ಒಂದು ಸಮ ಸಂಖ್ಯೆ ಕೂತಿದೆ: 102, ಓಗ್ಲಾಲಾ ಲಕೋಟಾ ಕೌಂಟಿ. 2015ರವರೆಗೆ ಇದೇ ನೆಲ ಪಟ್ಟಿಯ ಇನ್ನಷ್ಟು ಕೆಳಗೆ, ಸ್ಯಾನ್‌ಬಾರ್ನ್ ಮತ್ತು ಸ್ಪಿಂಕ್ ಕೌಂಟಿಗಳ ನಡುವೆ, 113ನೇ ಜಾಗದಲ್ಲಿತ್ತು. ಆಗ ಅದರ ಹೆಸರು ಶ್ಯಾನನ್.

ಹೆಸರು ಬದಲಾದ ಮಾತ್ರಕ್ಕೆ ನೆಲ ಎಲ್ಲಿಗೂ ಹೋಗುವುದಿಲ್ಲ. ಆದರೆ ಆ ಹೆಸರು ಬಂದದ್ದು ಹೇಗೆ, ಹೋದದ್ದು ಹೇಗೆ ಎಂದು ಹುಡುಕುತ್ತ ಹೊರಟರೆ, ಸೌತ್ ಡಕೋಟಾದ ಪಶ್ಚಿಮ ಭಾಗದ ಸುಮಾರು ನೂರೈವತ್ತು ವರ್ಷಗಳ ಚರಿತ್ರೆ ಕೈಗೆ ಬರುತ್ತದೆ. ಆ ಚರಿತ್ರೆಯಲ್ಲಿ ನನಗೆ ಮತ್ತೆಮತ್ತೆ ಎದುರಾದ ಪ್ರಶ್ನೆ ಒಂದೇ: ಅಲ್ಲಿ ಇದ್ದವರನ್ನು ಯಾರಾದರೂ ಕೇಳಿದರೇ?

ಮೊದಲು ಊರಿನ ಪರಿಚಯ ಆಗಲಿ. ಓಗ್ಲಾಲಾ ಲಕೋಟಾ ಕೌಂಟಿಯ ವಿಸ್ತೀರ್ಣ ಸುಮಾರು 5,400 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಜನಸಂಖ್ಯೆ 13,672. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಮೂಲನಿವಾಸಿಗಳು. ಇಡೀ ಕೌಂಟಿ ಪೈನ್ ರಿಜ್ ಎಂಬ ಮೀಸಲು ಪ್ರದೇಶದ ಒಳಗಿದೆ. ಹುಲ್ಲುಗಾವಲು, ಅಲ್ಲಲ್ಲಿ ಪೈನ್ ಮರಗಳ ದಿಬ್ಬ, ಉತ್ತರಕ್ಕೆ ಮಳೆಗಾಳಿ ಕೊರೆದ ಮಣ್ಣಿನ ಗೋಪುರಗಳಂಥ ಬ್ಯಾಡ್‌ಲ್ಯಾಂಡ್ಸ್. ಕೌಂಟಿ ಎಂದರೆ ನಾವು ಜಿಲ್ಲೆ ಎಂದುಕೊಳ್ಳುತ್ತೇವೆ. ತಪ್ಪೇನಿಲ್ಲ, ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಖಜಾಂಚಿ, ಜಮೀನು ನೋಂದಣಿಯ ಅಧಿಕಾರಿ, ಸರ್ಕಾರಿ ವಕೀಲ, ಶೆರಿಫ್ ಇವರನ್ನೆಲ್ಲ ಸಾಮಾನ್ಯವಾಗಿ ಜನ ಮತ ಹಾಕಿ ಆರಿಸುತ್ತಾರೆ. ಹಾಗಾಗಿ ಕೌಂಟಿ ಯಾರದು ಎಂಬ ಪ್ರಶ್ನೆ ಅಲ್ಲಿ ತುಸು ಹೆಚ್ಚೇ ತೂಕದ್ದು.

1875ರ ಜನವರಿ. ಆಗಿನ್ನೂ ಸೌತ್ ಡಕೋಟಾ ರಾಜ್ಯವಾಗಿರಲಿಲ್ಲ. ಡಕೋಟಾ ಟೆರಿಟರಿ ಎಂಬ ಕೇಂದ್ರಾಡಳಿತದ ಸೀಮೆ, ರಾಜಧಾನಿ ಪೂರ್ವದ ಮೂಲೆಯ ಯಾಂಕ್ಟನ್. ಹಿಂದಿನ ಬೇಸಿಗೆಯಲ್ಲಿ ಜಾರ್ಜ್ ಕಸ್ಟರ್ ಎಂಬ ಸೇನಾಧಿಕಾರಿಯ ದಂಡು ಪಶ್ಚಿಮದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗೆ ಹೋಗಿ ಚಿನ್ನವಿದೆ ಎಂಬ ಸುದ್ದಿ ತಂದಿತ್ತು. ಯಾಂಕ್ಟನ್ನಿನ ಶಾಸಕರು ತಡಮಾಡಲಿಲ್ಲ. ಮಿಸೌರಿ ನದಿಯಾಚೆಯ ಬಯಲನ್ನು ಕಾಗದದ ಮೇಲೆ ಗೆರೆ ಎಳೆದು ಕೌಂಟಿಗಳಾಗಿ ಕೊಯ್ದರು, ಹೆಸರಿಟ್ಟರು. ಒಂದಕ್ಕೆ ಕಸ್ಟರ್. ಇನ್ನೊಂದಕ್ಕೆ ಆಗ ಗವರ್ನರ್ ಆಗಿದ್ದ ಜಾನ್ ಪೆನ್ನಿಂಗ್ಟನ್. ಮತ್ತೊಂದಕ್ಕೆ ಜಾನ್ ಲಾರೆನ್ಸ್. ಆತ ಮುಂದೆ ಅದೇ ಕೌಂಟಿಗೆ ಖಜಾಂಚಿಯಾಗಿ ಹೋದ. ಇನ್ನೊಂದಕ್ಕೆ ಟೆರಿಟರಿಯ ಮುಖ್ಯ ನ್ಯಾಯಾಧೀಶ ಪೀಟರ್ ಶ್ಯಾನನ್. ಎಲ್ಲರೂ ಬದುಕಿದ್ದವರು. ಗವರ್ನರು, ನ್ಯಾಯಾಧೀಶರು ತಮ್ಮ ಕುರ್ಚಿಯಲ್ಲಿ ಕೂತೇ ಇದ್ದರು. ಸತ್ತವರ ನೆನಪಿಗೆ ಹೆಸರಿಡುವುದು ಬೇರೆ, ಎದುರಿಗಿರುವ ಸಾಹೇಬರನ್ನು ಖುಷಿಪಡಿಸಲು ಹೆಸರಿಡುವುದು ಬೇರೆ.

ಇದರಲ್ಲಿ ಒಂದು ತೊಡಕಿತ್ತು. ಆ ನೆಲ ಶಾಸಕರದ್ದಾಗಿರಲಿಲ್ಲ. 1868ರ ಫೋರ್ಟ್ ಲಾರಮಿ ಒಪ್ಪಂದದ ಪ್ರಕಾರ ಈಗಿನ ಸೌತ್ ಡಕೋಟಾದಲ್ಲಿ ಮಿಸೌರಿಯ ಪಶ್ಚಿಮಕ್ಕಿರುವ ನೆಲವೆಲ್ಲ ಲಕೋಟಾ ಎಂಬ ಮೂಲನಿವಾಸಿಗಳು ಮತ್ತವರ ಬಂಧುಬಳಗದವರದು. ಅಮೆರಿಕ ಸರ್ಕಾರವೇ ಸಹಿ ಹಾಕಿದ ಕರಾರು ಅದು. ಅದರ ಹನ್ನೆರಡನೆಯ ಕಲಮಿನಲ್ಲಿ, ಈ ನೆಲದ ಯಾವ ಭಾಗವನ್ನು ಬಿಟ್ಟುಕೊಡಬೇಕಾದರೂ ಬುಡಕಟ್ಟಿನ ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಮಂದಿ ಸಹಿ ಹಾಕಬೇಕು ಎಂದಿತ್ತು. ಈ ಮುಕ್ಕಾಲು ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೌಂಟಿಗಳಿಗೆ ಹೆಸರಿಟ್ಟ ದಿನ ಒಬ್ಬರ ಸಹಿಯೂ ಇರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಶ್ಯಾನನ್ ಎಂಬ ಈ ಮನುಷ್ಯ ಯಾರು? ಪೆನ್ಸಿಲ್ವೇನಿಯಾದಿಂದ ಬಂದ ವಕೀಲ. 1873ರಲ್ಲಿ ಅಧ್ಯಕ್ಷ ಗ್ರಾಂಟ್ ಇವರನ್ನು ಡಕೋಟಾಕ್ಕೆ ಮುಖ್ಯ ನ್ಯಾಯಾಧೀಶರಾಗಿ ಕಳಿಸಿದರು. ಹೆಸರಾಂತ ಮೊಕದ್ದಮೆಯೊಂದು ಇವರ ಪಾಲಿಗೆ ಬಂತು. 1876ರ ಆಗಸ್ಟ್‌ನಲ್ಲಿ ಡೆಡ್‌ವುಡ್ ಎಂಬ ಚಿನ್ನದ ಗಣಿಯೂರಿನಲ್ಲಿ, ಇಸ್ಪೀಟು ಆಡುತ್ತ ಕೂತಿದ್ದ ವೈಲ್ಡ್ ಬಿಲ್ ಹಿಕಾಕ್ ಎಂಬ ಬಂದೂಕುಗಾರನನ್ನು ಜ್ಯಾಕ್ ಮೆಕಾಲ್ ಎಂಬಾತ ಹಿಂದಿನಿಂದ ತಲೆಗೆ ಗುಂಡಿಟ್ಟು ಕೊಂದ. ಗಣಿಗಾರರೇ ಸೇರಿ ಒಂದು ಪಂಚಾಯ್ತಿ ನಡೆಸಿ ಅವನನ್ನು ಖುಲಾಸೆ ಮಾಡಿದರು. ಕೆಲವೇ ವಾರಗಳಲ್ಲಿ ಅವನನ್ನು ಮತ್ತೆ ಹಿಡಿದು ಯಾಂಕ್ಟನ್ನಿಗೆ ತಂದರು. ಒಂದೇ ಅಪರಾಧಕ್ಕೆ ಎರಡು ವಿಚಾರಣೆ ಹೇಗೆ? ಡೆಡ್‌ವುಡ್‌ನ ವಿಚಾರಣೆ ವಿಚಾರಣೆಯೇ ಅಲ್ಲ, ಏಕೆಂದರೆ ಆ ಊರೇ ಒಪ್ಪಂದ ಮುರಿದು ಮೂಲನಿವಾಸಿಗಳ ನೆಲದಲ್ಲಿ ಎದ್ದದ್ದು, ಅಲ್ಲಿ ಕಾನೂನುಬದ್ಧ ನ್ಯಾಯಾಲಯವೇ ಇಲ್ಲ ಎಂಬುದು ಉತ್ತರ. ಆ ಉತ್ತರದ ಬಲದ ಮೇಲೆ ಮರುವಿಚಾರಣೆ ನಡೆಸಿ, ಮೆಕಾಲ್‌ನಿಗೆ ಗಲ್ಲು ವಿಧಿಸಿದ್ದು ಶ್ಯಾನನ್. 1877ರ ಮಾರ್ಚ್ 1ರಂದು ಅವನನ್ನು ನೇಣಿಗೆ ಹಾಕಿದರು.

ಅಂದರೆ ಬ್ಲ್ಯಾಕ್ ಹಿಲ್ಸ್ ಸೀಮೆ ಯಾರದು ಎಂಬುದು ಈ ನ್ಯಾಯಾಧೀಶರಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬನ ಪ್ರಾಣ ಆ ಕಾನೂನಿನ ಮೇಲೆ ನಿಂತಿತ್ತು. ಇದನ್ನು ಓದಿದ ಮೇಲೆ ಶ್ಯಾನನ್ ಅವರ ಮುಂದಿನ ಕೆಲಸ ಇನ್ನಷ್ಟು ಕಹಿಯಾಗುತ್ತದೆ. 1882ರಲ್ಲಿ, ನ್ಯಾಯಾಧೀಶರ ಹುದ್ದೆ ಬಿಟ್ಟ ಮೇಲೆ, ಲಕೋಟಾಗಳ ಉಳಿದ ನೆಲದಲ್ಲಿ ದೊಡ್ಡ ಪಾಲನ್ನು ಬಿಡಿಸಿಕೊಳ್ಳಲು ಹೊರಟ ಮೂವರ ಆಯೋಗದಲ್ಲಿ ಅವರೂ ಒಬ್ಬರಾದರು. ಇನ್ನಿಬ್ಬರು ಟೆರಿಟರಿಯ ಮಾಜಿ ಗವರ್ನರ್ ನ್ಯೂಟನ್ ಎಡ್ಮಂಡ್ಸ್ ಮತ್ತು ಆಗಿನ ಆಂತರಿಕ ಖಾತೆಯ ಮಂತ್ರಿಯ ತಮ್ಮ ಜೇಮ್ಸ್ ಟೆಲ್ಲರ್. ಆಯೋಗ ಊರೂರು ಸುತ್ತಿತು, ದನಕರುಗಳ ಆಸೆ ತೋರಿಸಿತು, ನಾಯಕರ ಸಹಿ ಪಡೆಯಿತು. ಮುಕ್ಕಾಲು ಪಾಲು ಗಂಡಸರ ಸಹಿ ಬೇಕೆಂಬ ಷರತ್ತನ್ನು ಮಾತ್ರ ಮರೆತಂತೆ ನಡೆದುಕೊಂಡಿತು. ದಿಲ್ಲಿಯಲ್ಲಾದರೂ ವಾಷಿಂಗ್ಟನ್ನಿನಲ್ಲಾದರೂ ಇಂಥ ಕಡತಗಳು ಸಾಮಾನ್ಯವಾಗಿ ಸಲೀಸಾಗಿ ಮೇಲೆ ಸಾಗುತ್ತವೆ. ಈ ಸಲ ಹಾಗಾಗಲಿಲ್ಲ. ಸೆನೆಟ್ ಒಪ್ಪಲಿಲ್ಲ, 1883ರಲ್ಲಿ ಸೆನೆಟರ್ ಹೆನ್ರಿ ಡಾಸ್ ಅವರ ಸಮಿತಿ ತನಿಖೆಗೆ ಬಂತು, ಆಯೋಗ ತಂದ ಕರಾರು ಬಿದ್ದುಹೋಯಿತು.

ಕೌಂಟಿಗೆ ಹೆಸರಿಟ್ಟದ್ದು 1875ರಲ್ಲಿ, ಆಯೋಗ ಬಂದದ್ದು 1882ರಲ್ಲಿ. ಆದ್ದರಿಂದ ನೆಲ ಕಬಳಿಸಿದ್ದಕ್ಕೆ ಬಹುಮಾನವಾಗಿ ಹೆಸರಿಟ್ಟರು ಎನ್ನುವಂತಿಲ್ಲ. ಹೆಸರು ಮೊದಲೇ ಇತ್ತು. ಮನುಷ್ಯ ಆಮೇಲೆ ಆ ಹೆಸರಿಗೆ ತಕ್ಕಂತೆ ನಡೆದುಕೊಂಡ.

ಆಯೋಗ ಸೋತರೂ ನೆಲ ಉಳಿಯಲಿಲ್ಲ. ಅದಕ್ಕೂ ಮುಂಚೆ 1877ರಲ್ಲೇ ಕಾಂಗ್ರೆಸ್ ಕಾಯಿದೆ ಮಾಡಿ ಬ್ಲ್ಯಾಕ್ ಹಿಲ್ಸ್ ತೆಗೆದುಕೊಂಡಾಗಿತ್ತು. ಅದಕ್ಕೆ ಸಹಿ ಹಾಕಿದ್ದವರು ಹತ್ತರಲ್ಲಿ ಒಬ್ಬರ ಲೆಕ್ಕದಷ್ಟು. 1889ರಲ್ಲಿ ಜನರಲ್ ಜಾರ್ಜ್ ಕ್ರೂಕ್ ಇದ್ದ ಇನ್ನೊಂದು ಆಯೋಗ ಬಂದು, ಪೈನ್ ರಿಜ್‌ನಲ್ಲಿ ಮುದುಕ ನಾಯಕ ರೆಡ್ ಕ್ಲೌಡ್ ವಿರೋಧಿಸಿದರೂ, ಒಟ್ಟಾರೆ ಮುಕ್ಕಾಲು ಪಾಲು ಸಹಿ ಕೂಡಿಸಿಕೊಂಡಿತು. ಸುಮಾರು 90 ಲಕ್ಷ ಎಕರೆ ಹೋಯಿತು. ಉಳಿದದ್ದು ಚೂರುಚೂರು ಮೀಸಲು ಪ್ರದೇಶಗಳಾಯಿತು. ಪೈನ್ ರಿಜ್ ಅವುಗಳಲ್ಲೊಂದು. ಅದೇ ವರ್ಷ ನವೆಂಬರ್ 2ರಂದು ಸೌತ್ ಡಕೋಟಾ ರಾಜ್ಯವಾಯಿತು. ಮರುವರ್ಷ ಡಿಸೆಂಬರ್ 29ರಂದು, ಇದೇ ಕೌಂಟಿಯ ವೂಂಡೆಡ್ ನೀ ಹಳ್ಳದ ಬಳಿ, ಏಳನೇ ಅಶ್ವದಳ ಬಿಗ್ ಫುಟ್ ಎಂಬ ನಾಯಕನ ಗುಂಪನ್ನು ಸುತ್ತುವರಿದು ಗುಂಡಿನ ಮಳೆಗರೆಯಿತು. ಹೆಂಗಸರು, ಮಕ್ಕಳು, ಮುದುಕರು. ಹೊಸ ವರ್ಷದ ಮೂರನೇ ದಿನ, ಹಿಮದಲ್ಲಿ ಮರಗಟ್ಟಿದ್ದ 146 ಹೆಣಗಳನ್ನು ಒಂದೇ ಗುಂಡಿಯಲ್ಲಿ ಹೂತರು. ಆ ಗುಡ್ಡ ಈಗಲೂ ಇದೆ. ಅದು ಯಾವ ಕೌಂಟಿ ಎಂದು ಕೇಳಿದರೆ 2015ರವರೆಗೆ ಹೇಳಬೇಕಾಗಿದ್ದ ಹೆಸರು ಶ್ಯಾನನ್.

ರಾಜ್ಯವಾದ ಮೇಲೆ ಕೌಂಟಿಯ ಹೆಸರು ನಕ್ಷೆಯಲ್ಲಿತ್ತು, ಕಚೇರಿ ಎಲ್ಲಿಯೂ ಇರಲಿಲ್ಲ. ಅಸಂಘಟಿತ ಕೌಂಟಿ ಎಂಬುದೊಂದು ವರ್ಗ: ಗಡಿ ಉಂಟು, ಹೆಸರುಂಟು, ತನ್ನದೇ ಆಡಳಿತವಿಲ್ಲ, ಕೆಲಸವನ್ನು ಪಕ್ಕದ ಕೌಂಟಿ ನೋಡಿಕೊಳ್ಳುತ್ತದೆ. ಶ್ಯಾನನ್‌ಗೆ ಪಕ್ಕದ ಫಾಲ್ ರಿವರ್ ಕೌಂಟಿ, ಅದರ ಪಟ್ಟಣ ಹಾಟ್ ಸ್ಪ್ರಿಂಗ್ಸ್. ಪೈನ್ ರಿಜ್ ಊರಿನಿಂದ ಸುಮಾರು ನೂರು ಕಿಲೋಮೀಟರ್. ಕಾರಿಲ್ಲದವರೇ ಹೆಚ್ಚಿರುವ ಕಡೆ, ಬಸ್ಸಿಲ್ಲದ ಕಡೆ, ಚಳಿಗಾಲದಲ್ಲಿ ನೂರು ಕಿಲೋಮೀಟರ್. ಪೈನ್ ರಿಜ್‌ನ ಮೇಲೆ ಹಾಗೆ ಹಾಯ್ದ ಕಾಗದದ ಕೌಂಟಿಗಳು ಇನ್ನೂ ಇದ್ದವು. 1883ರಲ್ಲಿ ಹುಟ್ಟಿದ ವಾಷಬಾ ಕೌಂಟಿಗೆ ಒಬ್ಬ ಶಾಸಕರ ಹೆಸರು. ಅದು ಆಮೇಲೆ ಜ್ಯಾಕ್ಸನ್ ಕೌಂಟಿಯಲ್ಲಿ ಕರಗಿಹೋಯಿತು. ವಾಷಿಂಗ್ಟನ್ ಎಂಬ ಕೌಂಟಿಯೂ ಇತ್ತು. 1943ರಲ್ಲಿ ಅದನ್ನು ಶ್ಯಾನನ್‌ಗೆ ಸೇರಿಸಿದರು. ದೇಶದ ಮೊದಲ ಅಧ್ಯಕ್ಷನ ಹೆಸರು ನಕ್ಷೆಯಿಂದ ಅಳಿದುಹೋದಾಗ ಚರಿತ್ರೆ ಅಳಿಸಿದರೆಂದು ಯಾರಾದರೂ ಕೂಗಿದ್ದನ್ನು ನಾನು ಎಲ್ಲೂ ಓದಿಲ್ಲ.

ಅದಕ್ಕೊಂದು ವರ್ಷ ಮುಂಚೆ, 1942ರಲ್ಲಿ, ಯುದ್ಧ ಖಾತೆ ಪೈನ್ ರಿಜ್‌ನ ಬ್ಯಾಡ್‌ಲ್ಯಾಂಡ್ಸ್ ಕಡೆಯ ಮೂರು ಲಕ್ಷಕ್ಕೂ ಹೆಚ್ಚು ಎಕರೆಯನ್ನು ಬಾಂಬು ಹಾಕುವ ಅಭ್ಯಾಸಕ್ಕೆ ತೆಗೆದುಕೊಂಡಿತ್ತು. ನೂರಕ್ಕೂ ಹೆಚ್ಚು ಕುಟುಂಬಗಳು ಜಾಗ ಖಾಲಿ ಮಾಡಿದವು. ಅವರಲ್ಲೊಬ್ಬ ಡ್ಯೂಯಿ ಬಿಯರ್ಡ್; 1876ರಲ್ಲಿ ಕಸ್ಟರ್ ಸತ್ತ ಲಿಟಲ್ ಬಿಗ್‌ಹಾರ್ನ್ ಕಾಳಗವನ್ನೂ 1890ರ ವೂಂಡೆಡ್ ನೀಯನ್ನೂ ಕಂಡು ಬದುಕಿದ್ದ ಮುದುಕ. ವೂಂಡೆಡ್ ನೀಯಲ್ಲಿ ಮನೆಯವರನ್ನು ಕಳೆದುಕೊಂಡಿದ್ದವನಿಗೆ ಕೊನೆಗಾಲದಲ್ಲಿ ಮನೆಯೂ ಹೋಯಿತು.

ಆಡಳಿತ ಪಕ್ಕದ ಕೌಂಟಿಯದಾದರೆ, ಆ ಆಡಳಿತಗಾರರನ್ನು ಆರಿಸುವ ಮತ ಯಾರದು? ಸೌತ್ ಡಕೋಟಾದ ಉತ್ತರ ಬಹುಕಾಲ ಸರಳವಾಗಿತ್ತು: ಪಕ್ಕದವರದು ಮಾತ್ರ. ಶ್ಯಾನನ್, ಟಾಡ್, ವಾಷಬಾ ಈ ಮೂರು ಅಸಂಘಟಿತ ಕೌಂಟಿಗಳ ನಿವಾಸಿಗಳು ತಮ್ಮ ಕಂದಾಯ, ಕೋರ್ಟು, ಜಮೀನು ಪತ್ರ ನೋಡಿಕೊಳ್ಳುವ ಅಧಿಕಾರಿಗಳಿಗೆ ಮತ ಹಾಕುವಂತಿರಲಿಲ್ಲ. ಲಿಟಲ್ ಥಂಡರ್ ವಿರುದ್ಧ ಸೌತ್ ಡಕೋಟಾ ಎಂಬ ಮೊಕದ್ದಮೆಯಲ್ಲಿ ಕೇಂದ್ರದ ಎಂಟನೇ ಮೇಲ್ಮನವಿ ನ್ಯಾಯಾಲಯ 1975ರಲ್ಲಿ ಇದನ್ನು ರದ್ದು ಮಾಡಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಮತ ಹಾಕಬಹುದು, ಆದರೆ ಆ ಹುದ್ದೆಗೆ ನಿಲ್ಲುವಂತಿಲ್ಲ ಎಂದು ರಾಜ್ಯ ಹಟ ಹಿಡಿಯಿತು. 1980ರಲ್ಲಿ ಅದೂ ಕೋರ್ಟಿನಲ್ಲಿ ಬಿತ್ತು. 1982ರಲ್ಲಿ ಶ್ಯಾನನ್ ಸಂಘಟಿತ ಕೌಂಟಿಯಾಯಿತು, ಸ್ವಂತ ಸನ್ನದು ಪಡೆಯಿತು. ಹಾಗಿದ್ದೂ ಖಜಾಂಚಿ, ಆಡಿಟರ್, ನೋಂದಣಿ, ಸರ್ಕಾರಿ ವಕೀಲರ ಕೆಲಸವನ್ನು ಗುತ್ತಿಗೆಯ ಮೇಲೆ ಫಾಲ್ ರಿವರ್ ಕೌಂಟಿಯೇ ಮಾಡುತ್ತ ಬಂತು. ಮೀಸಲು ನೆಲದ ಬಹುಭಾಗಕ್ಕೆ ಆಸ್ತಿ ತೆರಿಗೆ ಇಲ್ಲ. ತೆರಿಗೆ ಇಲ್ಲದೆ ಕಚೇರಿ ಕಟ್ಟುವುದು ಯಾವುದರಿಂದ?

ಈ ಮತಗಳ ಬೆಲೆ ರಾಜ್ಯಕ್ಕೆ ಗೊತ್ತಾದದ್ದು 2002ರ ಸೆನೆಟ್ ಚುನಾವಣೆಯಲ್ಲಿ. ಎಣಿಕೆಯ ರಾತ್ರಿ ಹೊತ್ತೇರುತ್ತ ರಿಪಬ್ಲಿಕನ್ ಜಾನ್ ಥೂನ್ ಮುಂದಿದ್ದರು. ಕಡೆಗೆ ಬಂದ ಶ್ಯಾನನ್ ಕೌಂಟಿಯ ಮತಗಳು ಲೆಕ್ಕ ತಿರುಗಿಸಿದವು. ಡೆಮಾಕ್ರಾಟ್ ಟಿಮ್ ಜಾನ್ಸನ್ ಗೆದ್ದದ್ದು 524 ಮತಗಳಿಂದ.

ಹೆಸರು ಬದಲಿಸುವ ಮಾತು ಬಂದದ್ದು ಈ ಹಿನ್ನೆಲೆಯಲ್ಲಿ. ರಾಜ್ಯದ ಕಾನೂನಿನ ಪ್ರಕಾರ ಕೌಂಟಿಯ ಹೆಸರು ಬದಲಾಗಬೇಕಾದರೆ ನಿವಾಸಿಗಳು ಸಹಿ ಸಂಗ್ರಹಿಸಿ ಮನವಿ ಕೊಡಬೇಕು, ಮತಕ್ಕೆ ಹಾಕಬೇಕು, ಮೂರರಲ್ಲಿ ಎರಡು ಪಾಲು ಒಪ್ಪಬೇಕು. 2014ರ ನವೆಂಬರ್ 4ರಂದು ಮತದಾನವಾಯಿತು. ಪರವಾಗಿ 2,161, ವಿರುದ್ಧ 526. ನೂರಕ್ಕೆ ಎಂಬತ್ತು. ಆಮೇಲೆ ಶಾಸನಸಭೆಯ ಠರಾವು, ಗವರ್ನರ್ ಡೆನಿಸ್ ಡಾಗಾರ್ಡ್ ಅವರ ಘೋಷಣೆ. 2015ರ ಮೇ 1ರಿಂದ ಹೊಸ ಹೆಸರು. 1868ರ ಒಪ್ಪಂದ ಕೇಳಿದ್ದು ಮುಕ್ಕಾಲು ಪಾಲು; 2014ರಲ್ಲಿ ಕಾನೂನು ಕೇಳಿದ್ದು ಅದಕ್ಕಿಂತ ಕಡಿಮೆ; ಜನ ಕೊಟ್ಟದ್ದು ಎರಡಕ್ಕಿಂತಲೂ ಹೆಚ್ಚು. ಈ ಸಲ ಮತ ಹಾಕಿದವರಲ್ಲಿ ಹೆಂಗಸರೂ ಇದ್ದರು ಎಂಬುದನ್ನೂ ಸೇರಿಸಬೇಕು.

ಆರಿಸಿಕೊಂಡ ಹೆಸರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲಕೋಟಾ ಎಂದರೆ ನಂಟರು, ಮಿತ್ರರು ಎಂಬ ಅರ್ಥ. ಅವರ ಏಳು ಪಂಗಡಗಳಲ್ಲಿ ಓಗ್ಲಾಲಾ ಒಂದು. ರೆಡ್ ಕ್ಲೌಡ್, ಕ್ರೇಜಿ ಹಾರ್ಸ್ ಈ ಪಂಗಡದವರು. ಓಗ್ಲಾಲಾ ಪದಕ್ಕೆ ತಮ್ಮದನ್ನು ತಾವೇ ಚೆಲ್ಲುವವರು, ಚದುರಿಸುವವರು ಎಂದು ಅರ್ಥ ಹೇಳುತ್ತಾರೆ. ಹೊರಗಿನವರು ಇವರನ್ನೆಲ್ಲ ಒಟ್ಟಾಗಿ ಕರೆಯುತ್ತಿದ್ದ ಸೂ ಎಂಬ ಹೆಸರು ಇವರದಲ್ಲ. ನೆರೆಯ ಓಜಿಬ್ವೆ ಜನರ ಮಾತನ್ನು ಫ್ರೆಂಚ್ ವ್ಯಾಪಾರಿಗಳು ತುಂಡರಿಸಿ ಉಳಿಸಿದ ಬಾಲ. ಸ್ವಾರಸ್ಯವೆಂದರೆ ಬುಡಕಟ್ಟಿನ ಸ್ವಂತ ಸರ್ಕಾರದ ಅಧಿಕೃತ ಹೆಸರು, 1936ರ ಸಂವಿಧಾನದ ಕಾಲದಿಂದ ಇಂದಿನವರೆಗೆ, ಓಗ್ಲಾಲಾ ಸೂ ಟ್ರೈಬ್. ಅಂದರೆ ರಾಜ್ಯದ ಅಂಗವಾದ ಕೌಂಟಿಗೆ ಸಿಕ್ಕಷ್ಟು ಅಚ್ಚ ಹೆಸರು ಬುಡಕಟ್ಟಿನ ಸರ್ಕಾರಕ್ಕೇ ಇನ್ನೂ ಸಿಕ್ಕಿಲ್ಲ. ಕೌಂಟಿಯ ಒಳಗಿನ ಊರುಗಳ ಪಾಡೂ ಹಾಗೆಯೇ. ಕೈಲ್ ಎಂಬ ಊರಿಗೆ ಸೌತ್ ಡಕೋಟಾದ ಒಬ್ಬ ಸೆನೆಟರ್ ಹೆಸರು, ಮ್ಯಾಂಡರ್ಸನ್‌ಗೆ ನೆಬ್ರಾಸ್ಕಾದ ಸೆನೆಟರ್ ಹೆಸರು. ಅವು ಹಾಗೇ ಇವೆ.

ಇನ್ನು ವಾದಗಳು. ಇಂಥ ಕಡೆಯೆಲ್ಲ ಏಳುವ ಮೊದಲ ಆಕ್ಷೇಪ, ಹಳೆಯ ಹೆಸರು ತೆಗೆದರೆ ಚರಿತ್ರೆ ಅಳಿಯುತ್ತದೆ ಎಂಬುದು. ಶ್ಯಾನನ್ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ ಎಂದೇ ನನ್ನ ಅನಿಸಿಕೆ. ನಲವತ್ತು ವರ್ಷ ಕೌಂಟಿಯ ಹೆಸರು ಹೇಳುತ್ತ ಬದುಕಿದವರಿಗೂ ಆ ನ್ಯಾಯಾಧೀಶರು ಯಾರೆಂದು ತಿಳಿದಿರಬೇಕಾದ ಅಗತ್ಯ ಬೀಳುತ್ತಿರಲಿಲ್ಲ. ಮಿಸೌರಿ ರಾಜ್ಯದಲ್ಲೂ ಒಂದು ಶ್ಯಾನನ್ ಕೌಂಟಿ ಇದೆ. ಆ ಶ್ಯಾನನ್ ಬೇರೆ, ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ಜೊತೆ ಪಶ್ಚಿಮಕ್ಕೆ ಹೋಗಿದ್ದ ಹುಡುಗ. ಇಬ್ಬರನ್ನು ಹೆಸರು ನೋಡಿ ಹೇಳುವವರು ಎಷ್ಟು ಮಂದಿ? ಹೆಸರು ತೆಗೆಯುವ ಮಾತೆದ್ದಾಗಲೇ ಪೀಟರ್ ಶ್ಯಾನನ್, ಅವರ ಆಯೋಗ, ಆ ಸಹಿಗಳ ಕಥೆ ಪತ್ರಿಕೆಗಳಲ್ಲಿ ಹೊರಬಂತು. ಎರಡನೆಯ ಆಕ್ಷೇಪ ಖರ್ಚಿನದು: ಫಲಕ, ನಕ್ಷೆ, ದಾಖಲೆ, ತಂತ್ರಾಂಶ. ಇದರಲ್ಲಿ ಸ್ವಲ್ಪ ನಿಜವಿದೆ, ಮತ್ತು ಅದನ್ನು ಅನುಭವಿಸುವವರು ಸಂಶೋಧಕರು. 46113ರಲ್ಲಿ ನಿಂತ ಹಳೆಯ ಅಂಕಿಅಂಶವನ್ನು 46102ರ ಹೊಸದರ ಜೊತೆ ಹೊಂದಿಸದೆ ಹೋದರೆ, ದೇಶದ ಅತ್ಯಂತ ಬಡ ಕೌಂಟಿಗಳಲ್ಲೊಂದು ಕೋಷ್ಟಕದಿಂದ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಅಂಥದೊಂದು ಬೀಳುವುದು ಸಣ್ಣ ಸಂಗತಿಯಲ್ಲ. 2014ರ ಮಾಹಿತಿ ಹಿಡಿದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಡೀ ಅಮೆರಿಕದಲ್ಲೇ ಜನರ ಸರಾಸರಿ ಆಯಸ್ಸು ಅತಿ ಕಡಿಮೆ ಇದ್ದ ಕೌಂಟಿ ಇದು: 67 ವರ್ಷಕ್ಕೂ ತುಸು ಕಡಿಮೆ.

ಮೂರನೆಯ ಮಾತು ಆಕ್ಷೇಪವಲ್ಲ, ಅನುಮಾನ. ಹೆಸರು ಬದಲಿಸಿ ಕೈತೊಳೆದುಕೊಳ್ಳುವುದು ಎಲ್ಲರಿಗೂ ಅಗ್ಗ. ಬ್ಲ್ಯಾಕ್ ಹಿಲ್ಸ್ ವಿಷಯದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್, 1877ರಲ್ಲಿ ನೆಲ ತೆಗೆದುಕೊಂಡದ್ದಕ್ಕೆ ಪರಿಹಾರ ಕೊಡಲೇಬೇಕು ಎಂದಿತು. ಬಡ್ಡಿ ಸೇರಿ ಹತ್ತು ಕೋಟಿ ಡಾಲರ್ ಮೀರಿದ ಮೊತ್ತ. ಲಕೋಟಾಗಳು ಆ ಹಣ ಮುಟ್ಟಲಿಲ್ಲ, ಬೇಕಾದದ್ದು ಬೆಟ್ಟ ಎಂದರು. ಖಾತೆಯಲ್ಲೇ ಬಿದ್ದು ಬೆಳೆದ ಅದು ಈಗ ನೂರು ಕೋಟಿ ಡಾಲರ್ ದಾಟಿದೆ. ಅಷ್ಟು ಹಣ ಬೇಡವೆಂದವರು ಬರೀ ಹೆಸರಿಗೆ ತೃಪ್ತರಾಗಿದ್ದಾರೆ ಎಂದು ಯಾರೂ ತಿಳಿಯಬೇಕಿಲ್ಲ. ಕೇಳಿ ಪಡೆದದ್ದು ಒಂದು, ಇನ್ನೂ ಕೇಳುತ್ತಿರುವುದು ಇನ್ನೊಂದು.

ಬೇರೆ ಕಡೆ ಹೆಸರಿನ ತಕರಾರು ಬಗೆಹರಿಸಿದ ಬಗೆ ನೋಡಿದರೆ ಓಗ್ಲಾಲಾಗಳ ದಾರಿಯ ವಿಶೇಷ ತಿಳಿಯುತ್ತದೆ. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಗೆ ಮೊದಲು ಗುಲಾಮರನ್ನಿಟ್ಟುಕೊಂಡಿದ್ದ ಉಪಾಧ್ಯಕ್ಷ ವಿಲಿಯಂ ರೂಫಸ್ ಕಿಂಗ್ ಹೆಸರಿತ್ತು. 1986ರಲ್ಲಿ ಕೌಂಟಿ ಮಂಡಳಿ, ಇನ್ನು ಮುಂದೆ ಈ ಕಿಂಗ್ ಎಂದರೆ ಮಾರ್ಟಿನ್ ಲೂಥರ್ ಕಿಂಗ್ ಎಂದು ನಿರ್ಣಯಿಸಿತು. 2005ರಲ್ಲಿ ರಾಜ್ಯದ ಕಾನೂನೂ ಒಪ್ಪಿತು. ಅಯೋವಾದ ಜಾನ್ಸನ್ ಕೌಂಟಿ 2021ರಲ್ಲಿ ಅದೇ ಜಾಣತನ ಮಾಡಿತು. ಉಪಾಧ್ಯಕ್ಷ ರಿಚರ್ಡ್ ಜಾನ್ಸನ್ ಬದಲು ಕರಿಯ ಇತಿಹಾಸಕಾರ್ತಿ ಲೂಲು ಮರ್ಲ್ ಜಾನ್ಸನ್. ಅಕ್ಷರ ಅದೇ, ಆಸಾಮಿ ಬೇರೆ. ಫಲಕದ ಖರ್ಚಿಲ್ಲ, ಸಂಖ್ಯೆಯೂ ಬದಲಾಗಬೇಕಿಲ್ಲ. ಉಪಾಯ ಚೆನ್ನಾಗಿದೆ, ನಾನು ಮೆಚ್ಚುತ್ತೇನೆ. ಆದರೆ ಓಗ್ಲಾಲಾಗಳಿಗೆ ಒಬ್ಬ ವ್ಯಕ್ತಿಯ ಬದಲು ಇನ್ನೊಬ್ಬ ವ್ಯಕ್ತಿ ಬೇಕಿರಲಿಲ್ಲ. ರೆಡ್ ಕ್ಲೌಡ್ ಕೌಂಟಿ ಎನ್ನಬಹುದಿತ್ತು, ಅನ್ನಲಿಲ್ಲ. ಅಲ್ಲಿರುವ ಜನರ ಹೆಸರನ್ನೇ ಇಟ್ಟರು.

ಕೌಂಟಿಯ ಕೆಲಸಕ್ಕೆ ಈಗಲೂ ಹಾಟ್ ಸ್ಪ್ರಿಂಗ್ಸ್ ಊರಿನತ್ತಲೇ ಮುಖ ಮಾಡಬೇಕು. ಕೌಂಟಿ ಕೇಂದ್ರ ಎಂಬುದು ಒಳಗೆಲ್ಲೂ ಇಲ್ಲ.

2016ರ ಆಗಸ್ಟ್‌ನಲ್ಲಿ ಬ್ಲ್ಯಾಕ್ ಹಿಲ್ಸ್‌ನ ಅತಿ ಎತ್ತರದ ಶಿಖರದ ಹೆಸರೂ ಬದಲಾಯಿತು. 7,242 ಅಡಿಯ ಆ ಶಿಖರಕ್ಕೆ ಜನರಲ್ ವಿಲಿಯಂ ಹಾರ್ನಿಯ ಹೆಸರಿತ್ತು. ಈಗ ಅದು ಬ್ಲ್ಯಾಕ್ ಎಲ್ಕ್ ಶಿಖರ. ಓಗ್ಲಾಲಾ ಸಾಧಕ ಬ್ಲ್ಯಾಕ್ ಎಲ್ಕ್ ಬಾಳಿದ್ದು ಇದೇ ಕೌಂಟಿಯ ಮ್ಯಾಂಡರ್ಸನ್ ಬಳಿ. ಬದಲಿಸಿದ್ದು ಕೇಂದ್ರದ ಸ್ಥಳನಾಮ ಮಂಡಳಿ. ರಾಜ್ಯದ ಮಂಡಳಿ ಹಳೆಯದೇ ಇರಲಿ ಎಂದಿತ್ತು. ಹಾರ್ನಿಯ ಹೆಸರಿಗೆ ಅಷ್ಟು ವಿರೋಧ ಏಕೆಂದರೆ, 1855ರ ಸೆಪ್ಟೆಂಬರ್ 3ರಂದು ನೆಬ್ರಾಸ್ಕಾದ ಬ್ಲೂ ವಾಟರ್ ಹಳ್ಳದಲ್ಲಿ ಲಕೋಟಾಗಳ ಸಿಚಾಂಗು ಪಂಗಡದ ಬೀಡಿನ ಮೇಲೆ ಅವನ ದಂಡು ಬಿದ್ದು 86 ಮಂದಿಯನ್ನು ಕೊಂದಿತ್ತು. ಆ ಬೀಡಿನ ನಾಯಕನ ಹೆಸರು ಲಿಟಲ್ ಥಂಡರ್. ಮತದ ಹಕ್ಕಿಗಾಗಿ ನಡೆದ 1975ರ ಮೊಕದ್ದಮೆಯ ತಲೆಬರಹದಲ್ಲಿ ಇರುವುದೂ ಅದೇ ಹೆಸರು.

ಹಾರ್ನಿಯ ಆ ದಂಡಿನಲ್ಲಿ ಜಾನ್ ಟಾಡ್ ಎಂಬ ಕ್ಯಾಪ್ಟನ್ ಇದ್ದ, ದಿನಚರಿ ಬರೆಯುತ್ತ ಹೋದ. ಲಿಂಕನ್ನರ ಹೆಂಡತಿಯ ಕಡೆಯ ನೆಂಟ. ಮುಂದೆ ಡಕೋಟಾ ಟೆರಿಟರಿಯ ಪ್ರತಿನಿಧಿಯಾಗಿ ವಾಷಿಂಗ್ಟನ್ನಿಗೆ ಹೋದ. ಪೈನ್ ರಿಜ್‌ನ ಪೂರ್ವಕ್ಕೆ ಸಿಚಾಂಗುಗಳ ರೋಸ್‌ಬಡ್ ಮೀಸಲು ಪ್ರದೇಶವಿದೆ, ಅಲ್ಲಿನ ಕೌಂಟಿಗೂ ಕೇಂದ್ರವಿಲ್ಲ, ಅದರ ಲೆಕ್ಕಪತ್ರ ಪಕ್ಕದ ಟ್ರಿಪ್ ಕೌಂಟಿಯಲ್ಲಿ. ಆ ಕೌಂಟಿಯ ಹೆಸರು ಟಾಡ್. ಸಂಖ್ಯೆ 46121.